ಅಕ್ಕನ ಹಿಂದೆ ಎರಡು ದಿನ

೨೦ ನವೆಂಬರ್

ಅಕ್ಕಾ,

ಚೆನ್ನಾಗಿದ್ದೀಯಾ ಎಂದು ಕೇಳುವುದಕ್ಕೂ ಮೊದಲು ನಿನಗೆ ‘ಅದು’ ಬಂತಾ ಎಂದು ಕೇಳುತ್ತಿದ್ದೇನೆ. ತಂಗಿಗೆ ಮರ್ಯಾದೆ ಕಲಿಸಲಿಲ್ಲ ಅಂದುಕೋ. ಫೋನಿನಲ್ಲಿ ಕೇಳೋಣವೆಂದರೆ ನನ್ನ ಪಕ್ಕ ಅಮ್ಮ, ನಿನ್ನ ಪಕ್ಕ ನಿನ್ನ ಅತ್ತೆ. ತಂತಿಯ ಎರಡು ತುದಿಗೂ ಕಾವಲು. ಅದಕ್ಕೇ ನಾನು ಹಾಸ್ಟೆಲಿನಲ್ಲಿದ್ದ ಕಾಲದ ಹಾಗೆ ಮತ್ತೆ ಕಾಗದಕ್ಕೆ ಬಂದಿದ್ದೇನೆ.

ಕೇಳುವ ಕಾರಣ ನಿನಗೆ ಗೊತ್ತೇ ಇದೆ. ನನಗೆ ಹದಿಮೂರು ತುಂಬಿದಾಗಿನಿಂದ, ನಿನ್ನದು ಬಂದು ಎರಡು ದಿನಕ್ಕೆ ನನ್ನದು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದಾಗಲೂ ಹಾಗೇ, ನೀನು ಮದುವೆಯಾಗಿ ಒಂಬತ್ತು ಗಂಟೆ ದೂರ ಹೋದ ಮೇಲೂ ಹಾಗೇ. ಹೆರಿಗೆಯಲ್ಲಿ ಮಾತ್ರ ಎರಡು ದಿನ ಹೋಗಿ ಹತ್ತೊಂಬತ್ತು ದಿನವಾಯಿತು. ನಿನ್ನ ಮಗಳು ಸೆಪ್ಟೆಂಬರ್ ಒಂಬತ್ತಕ್ಕೆ, ನನ್ನ ಮಗ ಇಪ್ಪತ್ತೆಂಟಕ್ಕೆ. ಹಾಗಾಗಿ ನನಗೆ ಬೇರೆ ಕ್ಯಾಲೆಂಡರ್ ಬೇಡ, ನೀನು ಸಾಕು. ನಿನ್ನದು ಬಂದ ದಿನವೇ ಒಂದು ಸಾಲು ಬರೆದು ಹಾಕು. ಅವತ್ತಿನಿಂದ ನನ್ನ ಗಡ್ಡಪ್ಪನಿಗೆ, ಅಂದರೆ ನಿನ್ನ ತಂಗಿಯ ಗಂಡನಿಗೆ, ‘ಎಚ್ಚರಿಕೆ, ಮುಂದೆ ತಿರುವು’ ಎಂದು ಬೋರ್ಡು ತೋರಿಸುತ್ತೇನೆ.

ಎಚ್ಚರಿಕೆ ಯಾಕೆಂದರೆ ಸೀಟು. ಏಳು ವರ್ಷ ಬಂದರಿನ ನೆಲದ ಮೇಲೆ ನಿಂತು ಕೈಸನ್ನೆ ಮಾಡಿದವಳು, ಕೊನೆಗೂ ನಾಲ್ಕನೇ ನಂಬರ್ ಕ್ರೇನಿನ ಮೇಲೆ ಹತ್ತಿ ಕೂತೆ. ಆ ಸೀಟನ್ನು ಬರುವ ಅಕ್ಟೋಬರ್ ಒಂದರವರೆಗೆ ನನಗಾಗಿ ಇಟ್ಟಿರುತ್ತಾರೆ. ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಅಷ್ಟರಲ್ಲಿ ಇನ್ನೊಂದು ಬಸಿರು ನಿಂತರೆ ಸೀಟು ಹೋದಂತೆಯೇ. ಹತ್ತಂತಸ್ತಿನ ಎತ್ತರ, ನಾಲ್ಕು ಗಂಟೆಯ ಪಾಳಿ, ಮೇಲೆ ಟಾಯ್ಲೆಟ್ ಇಲ್ಲ. ‘ಅದು’ ಎಷ್ಟು ತಡವಾಗಿ ಬಂದರೂ ನನಗೆ ಬೇಸರವಿಲ್ಲ ಎಂದು ಬೇರೆ ಹೇಳಬೇಕೇ.

ಈಗ ಎತ್ತಿ ಇಳಿಸುತ್ತಿರುವುದು ಐದು ಕೇಜಿಯ ಒಂದೇ ಸರಕು. ಹೊತ್ತಿಲ್ಲ, ಗೊತ್ತಿಲ್ಲ, ಕುಡಿಯುತ್ತದೆ. ಒಂದು ಕಡೆ ಕುಡಿಯುತ್ತಿದ್ದರೆ ಇನ್ನೊಂದು ಕಡೆ ರವಿಕೆ ಒದ್ದೆ. ಅಮ್ಮ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾಳೆ: “ಹಾಲು ಚೆನ್ನಾಗಿರೋರಿಗೆ ಅದು ಬೇಗ ಬರಲ್ಲ.”

ನಿನಗೂ ಬಂದಿರುವುದಿಲ್ಲ ಬಿಡು. ಆದರೂ ಬರೆ.

ನಿನ್ನ ಹಿಂದೆಯೇ ಬರುವ
ಗುಬ್ಬಿ


೨ ಡಿಸೆಂಬರ್
(ಕಳಿಸದೇ ಉಳಿದದ್ದು)

ಗುಬ್ಬೀ,

ಬಂತು ಕಣೇ. ಯಾವತ್ತೋ ಬಂತು. ಮಗಳಿಗೆ ಏಳು ವಾರ ತುಂಬಿ ಮೂರು ದಿನವಾಗಿತ್ತು. ಹೆರಿಗೆಯ ನಂತರದ್ದೇ ಮತ್ತೆ ಶುರುವಾಯಿತೇನೋ ಎಂದುಕೊಂಡೆ. ಇಪ್ಪತ್ತಮೂರು ದಿನಕ್ಕೆ ಇನ್ನೊಂದು ಸಲ ಬಂದಾಗ, ಇಲ್ಲ, ಇದು ಹಳೆಯ ಗಿರಾಕಿಯೇ ಎಂದು ಗುರುತು ಸಿಕ್ಕಿತು. ಆದರೆ ನಡತೆ ಬದಲಾಗಿದೆ. ಮೊದಲು ನಾಲ್ಕು ದಿನ ಸದ್ದಿಲ್ಲದೆ ಬಂದು ಹೋಗುತ್ತಿದ್ದದ್ದು ಈಗ ಎಂಟು ದಿನ ಠಿಕಾಣಿ ಹೂಡುತ್ತದೆ. ಗಂಟೆಗೊಂದು ಪ್ಯಾಡು, ಜೊತೆಗೆ ಹೆಪ್ಪು ಹೆಪ್ಪು. ಹೆಪ್ಪು ಬೇಕಾಗುವುದು ಹಾಲಿಗೆ. ನನಗೆ ಹಾಲಿಲ್ಲದೆ ಹೆಪ್ಪು.

ಹೌದು, ಹಾಲಿಲ್ಲ. ಅಮ್ಮ ನನ್ನ ಹತ್ತಿರ ಎರಡು ತಿಂಗಳು ಇರುತ್ತೇನೆಂದು ಬಂದವಳು. ನಿನಗೆ ನೋವು ಶುರುವಾಯಿತೆಂದು ಫೋನ್ ಬಂದ ಹತ್ತೊಂಬತ್ತನೇ ದಿನ, ಒಗೆದು ಹಾಕಿದ್ದ ಸೀರೆ ಅರ್ಧ ಒಣಗಿದ್ದನ್ನೇ ಮಡಚಿ ಚೀಲಕ್ಕೆ ತುಂಬಿಕೊಂಡು ಹೊರಟಳು. ಅಮ್ಮ ಹೋದದ್ದಕ್ಕೂ ಹಾಲು ಹೋದದ್ದಕ್ಕೂ ಸಂಬಂಧವಿಲ್ಲ ಎಂದು ನಿನ್ನ ಭಾವ ಹೇಳುತ್ತಾರೆ. ಇರಬಹುದು. ದಿನವಿಡೀ ಕನ್ನಡಕದ ಗಾಜು ಉಜ್ಜುವ ಮನುಷ್ಯ, ಅವರಿಗೆ ಎಲ್ಲವೂ ಸ್ಪಷ್ಟ. ಅತ್ತೆ ಏನೂ ಅನ್ನದೆ ಬಾಟಲಿಗೆ ಪುಡಿ ಅಳೆದು ಹಾಕುತ್ತಾರೆ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು, ಒಂದು ಜಗಳವಾದರೂ ಗಿಟ್ಟುತ್ತಿತ್ತು.

ಅಮ್ಮನ ಮಾತನ್ನು ಬರೆದು ಕಳಿಸಿದ್ದೀಯಲ್ಲ, ಅದನ್ನು ತಿರುಗಿಸಿ ಓದಿದೆ. ಬೇಗ ಬಂದವರಿಗೆ ಹಾಲು ಚೆನ್ನಾಗಿಲ್ಲ. ಮಗಳು ಬಾಟಲಿ ಕುಡಿದು ಮಲಗಿದ್ದಾಳೆ, ನಾನು ಬಿಸಿನೀರಿನ ಚೀಲ ಹಿಡಿದು ಕೂತಿದ್ದೇನೆ. ಒಂಬತ್ತು ಗಂಟೆ ದೂರದಲ್ಲಿ ನಿನ್ನ ರವಿಕೆ ಒದ್ದೆಯಾದರೆ ಇಲ್ಲಿ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತದೆ.

ಇದನ್ನು ಕಳಿಸಿದರೆ ನೀನು ಅಮ್ಮನಿಗೆ ಓದಿ ಹೇಳುತ್ತೀಯ. ಅಮ್ಮ ‘ಪಾಪ’ ಅನ್ನುತ್ತಾಳೆ. ಆ ಪಾಪ ನನಗೆ ಬೇಡ.


೨ ಡಿಸೆಂಬರ್

ಪ್ರೀತಿಯ ಗುಬ್ಬೀ,

ನಿನ್ನ ಪತ್ರ ಮುಟ್ಟಿತು. ಮುಟ್ಟು ಮಾತ್ರ ನನಗಿನ್ನೂ ಮುಟ್ಟಿಲ್ಲ.

ಹನ್ನೊಂದು ವರ್ಷದಿಂದ ಡಿಪೋದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಬರೆದವಳು ನಾನು. ಈ ಒಂದು ಗಾಡಿಯ ಮುಂದೆ ಮಾತ್ರ ‘ಮಾಹಿತಿ ಇಲ್ಲ’ ಎಂದು ಬರೆಯಬೇಕಾಗಿದೆ. ಬಂದರೆ ತಿಳಿಸುತ್ತೇನೆ. ಹಾಲು ಇಲ್ಲೂ ಧಾರಾಳ, ಅಮ್ಮನಿಗೆ ಹೇಳು. ಜನವರಿಗೆ ಕೆಲಸಕ್ಕೆ ಹೋಗುತ್ತೇನೆ.

ನಿನ್ನ ಮುಂದೆಯೇ ಇರುವ
ಅಕ್ಕ


೧೭ ಮಾರ್ಚ್

ಅಕ್ಕಾ,

ಮೂರು ತಿಂಗಳಲ್ಲಿ ಎರಡು ಕಾರ್ಡು. ಅದೂ ಬಸ್ ಟಿಕೆಟ್ಟಿನಷ್ಟು ಉದ್ದ. ಕೆಲಸಕ್ಕೆ ಸೇರಿದವಳು ನೀನು, ಬಿಡು. ನಾನಿನ್ನೂ ರಜೆಯಲ್ಲಿದ್ದೇನೆ, ನನ್ನ ರಜಸ್ಸೂ ರಜೆಯಲ್ಲಿದೆ. ಕಾಲೇಜಿನಲ್ಲಿ ಸಂಸ್ಕೃತ ತೆಗೆದುಕೊಂಡದ್ದು ಇಷ್ಟಕ್ಕಾದರೂ ಬಂತಲ್ಲ.

ಇವನಿಗೆ ಆರು ತಿಂಗಳಾಗುತ್ತಾ ಬಂತು. ಎರಡು ಹಲ್ಲು ಬಂದು ಕಚ್ಚಲು ಕಲಿತಿದ್ದಾನೆ. ಚುಚ್ಚುಮದ್ದಿಗೆ ಕರೆದುಕೊಂಡು ಹೋದಾಗ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಪಾಠ ಮಾಡಿದರು. ಮಗು ಬರೀ ಎದೆಹಾಲು ಕುಡಿಯುತ್ತಿದ್ದರೆ ಮೊದಲ ಆರು ತಿಂಗಳು ಒಂದು ಮಟ್ಟಿಗೆ ರಕ್ಷಣೆಯಂತೆ. ಆಮೇಲೆ, ಅದರಲ್ಲೂ ಬೇರೆ ಊಟ ಶುರುವಾದ ಮೇಲೆ, ನಂಬುವ ಹಾಗಿಲ್ಲವಂತೆ. ಮುಟ್ಟು ಬರುವುದಕ್ಕೂ ಮೊದಲೇ ಬಸಿರು ನಿಲ್ಲಬಹುದಂತೆ. ಏನಾದರೂ ಹಾಕಿಸಿಕೋ ಎಂದರು. ಆರು ತಿಂಗಳಾದರೂ ಬರದವರ ಪೈಕಿ ನಾನೊಬ್ಬಳೇ ಅಲ್ಲ, ನಮ್ಮ ಅಕ್ಕನಿಗೂ ಬಂದಿಲ್ಲ. ಅವಳಿಗೆ ಬಂದು ಎರಡು ದಿನಕ್ಕೆ ನನಗೆ ಬರುತ್ತದೆ, ಅಲ್ಲಿಯವರೆಗೆ ಭಯವಿಲ್ಲ ಎಂದೆ. ನರ್ಸಮ್ಮ ನನ್ನ ಮುಖವನ್ನೇ ನೋಡಿದರು. ಅವರಿಗೆ ಅಕ್ಕ ಇಲ್ಲವೆಂದು ಕಾಣುತ್ತದೆ.

ಆದರೂ ಕೇಳುತ್ತೇನೆ. ಖಂಡಿತ ಬಂದಿಲ್ಲ ತಾನೇ? ಅಕ್ಟೋಬರ್ ಒಂದಕ್ಕೆ ನಾನು ಆ ಏಣಿ ಹತ್ತಲೇಬೇಕು. ದಿನಾ ಕಿಟಕಿಯಿಂದ ಕ್ರೇನಿನ ತುದಿ ಕಾಣುತ್ತದೆ. ಈಗ ಅದರಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗಿ ಕೂತಿದ್ದಾಳೆ.

ಗುಬ್ಬಿ


೬ ಏಪ್ರಿಲ್

ಗುಬ್ಬೀ,

ತಡವಾಯಿತು. ತಡ ಬರೆಯುವುದೇ ನನ್ನ ಉದ್ಯೋಗವಲ್ಲವೇ.

ಡಿಪೋದಲ್ಲಿ ಹೊಸ ಡ್ರೈವರೊಬ್ಬ ಬಂದಿದ್ದಾನೆ. ಮೀಸೆ ಎಷ್ಟು ಅಗಲವೆಂದರೆ ತಿರುವಿನಲ್ಲಿ ಹಾರ್ನ್ ಹೊಡೆಯಬೇಕಾಗುತ್ತದೆ. ಮೊದಲ ದಿನವೇ ಗಾಡಿಯನ್ನು ಹಿಂದಕ್ಕೆ ತೆಗೆದು ನನ್ನ ಗೂಡಿನ ಮೆಟ್ಟಿಲು ಮುರಿದ. ನರ್ಸಮ್ಮ ಹೇಳಿದ್ದನ್ನೂ ಒಂದಿಷ್ಟು ಕೇಳು. ಮುರಿದ ಮೆಟ್ಟಿಲಿನ ಜಾಗಕ್ಕೆ ಈಗ ಟೈರು ಇಟ್ಟಿದ್ದಾರೆ. ಗೂಡಿಗೆ ಹತ್ತುವಾಗ ಸರ್ಕಸ್ಸಿನವಳಂತೆ ಕಾಣುತ್ತೇನೆ.

ಒಂದು ವಿಷಯ. ನಮ್ಮ ಟಿಕೆಟ್ ವಿಭಾಗದಲ್ಲಿ ಒಬ್ಬಳಿದ್ದಾಳೆ, ಹೆರಿಗೆಯಾಗಿ ಏಳು ತಿಂಗಳು. ಅವಳಿಗೆ ಬೇಗನೇ ಶುರುವಾಯಿತಂತೆ. ಒಮ್ಮೆ ಹತ್ತೊಂಬತ್ತು ದಿನಕ್ಕೆ, ಒಮ್ಮೆ ಮೂವತ್ತೈದಕ್ಕೆ, ಬಂದರೆ ಎಂಟು ದಿನ ಸುರಿತ. ಮೊನ್ನೆ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಸೀಟು ಬಿಟ್ಟು ಏಳಲಾಗಲಿಲ್ಲ, ಆ ಹೊತ್ತಿನಲ್ಲಿ ಅರವತ್ತು ಬಸ್ಸು ಹೊರಡುತ್ತವೆ. ಎದ್ದಾಗ ಕುರ್ಚಿಯ ಹಸಿರು ರೆಕ್ಸಿನ್ ಹಸಿರಾಗಿರಲಿಲ್ಲ. ಮೂರು ಕಡೆ ಗಾಜು. ಹೊರಗೆ ನಿಂತಿದ್ದ ಮುದುಕ ಕಂಡಕ್ಟರು ತನ್ನ ಪೇಪರನ್ನು ಕಿಂಡಿಯಿಂದ ಒಳಗೆ ತಳ್ಳಿ, ಆ ಕಡೆ ತಿರುಗಿ ನಿಂತನಂತೆ. ಮೆಟ್ಟಿಲು ಹತ್ತಿದರೆ ಅವಳಿಗೆ ಕಣ್ಣು ಕತ್ತಲೆ ಬರುತ್ತದೆ. ಇದೆಲ್ಲ ಇರುವುದೇನಾ ಎಂದು ಕೇಳುತ್ತಿದ್ದಳು. ನಿನಗೇನಾದರೂ ಗೊತ್ತಾ?

ನನಗೆ ಇನ್ನೂ ಇಲ್ಲ.

ಅಕ್ಕ


೧೧ ಜುಲೈ

ಅಕ್ಕಾ,

ಆ ಟಿಕೆಟ್ ವಿಭಾಗದವಳು ಡಾಕ್ಟರ ಹತ್ತಿರ ಹೋದಳಾ? ಇಲ್ಲದಿದ್ದರೆ ನೀನೇ ಕೈಹಿಡಿದು ಕರೆದುಕೊಂಡು ಹೋಗು. ನರ್ಸಮ್ಮನನ್ನು ಕೇಳಿದೆ. ಹೆರಿಗೆಯಾದ ಮೇಲೆ ಕೆಲವು ತಿಂಗಳು ಹಿಂದುಮುಂದು, ಹೆಚ್ಚುಕಡಿಮೆ ಆಗುತ್ತದಂತೆ. ಆದರೆ ಗಂಟೆಗೊಂದು ಪ್ಯಾಡು ಬದಲಿಸುವಷ್ಟು ಹೋಗುವುದು, ಕಣ್ಣು ಕತ್ತಲೆ ಬರುವುದು, ಇದನ್ನು ‘ಇರುವುದೇ’ ಎಂದು ಸುಮ್ಮನೆ ಕೂರಬಾರದಂತೆ. ಅವಳಿಗೆ ಅಮ್ಮ ಇಲ್ಲವಾ?

ಇಲ್ಲಿ ನನಗೂ ಸುಸ್ತು. ಬೆಳಿಗ್ಗೆ ಹಲ್ಲುಜ್ಜುವಾಗ ವಾಕರಿಕೆ. ಹಾಲು ಇದ್ದಕ್ಕಿದ್ದಂತೆ ಕಡಿಮೆಯಾಗಿದೆ. ಇವನು ಎರಡು ಗುಟುಕು ಕುಡಿದು ಮುಖ ತಿರುಗಿಸಿ ನನ್ನನ್ನೇ ಮೋಸಗಾತಿಯ ಹಾಗೆ ನೋಡುತ್ತಾನೆ. ಹಲ್ಲು ಬರುವ ಮಗು ತಾಯಿಯ ರಕ್ತ ಹೀರುತ್ತದೆ ಎನ್ನುತ್ತಾಳೆ ಅಮ್ಮ. ಗಡ್ಡಪ್ಪ ಒಂದು ಸಲ ಪರೀಕ್ಷೆ ಮಾಡಿಸು ಎಂದ. ಅಕ್ಕನಿಗೇ ಬಂದಿಲ್ಲ, ನನಗೆಲ್ಲಿಂದ ಬರಬೇಕು, ಬರದಿರುವುದೇ ಸರಿ ಎಂದು ಬಾಯಿ ಮುಚ್ಚಿಸಿದೆ.

ಆಗಸ್ಟ್ ಇಪ್ಪತ್ತಕ್ಕೆ ಬಂದರಿನಲ್ಲಿ ವೈದ್ಯಕೀಯ ತಪಾಸಣೆ. ಪಾಸಾದರೆ ಸೀಟು. ನಿನ್ನ ಸುದ್ದಿ ಅದಕ್ಕೂ ಮೊದಲೇ ಬರಲಿ.

ಗುಬ್ಬಿ


೨೧ ಆಗಸ್ಟ್

ಅಕ್ಕಾ,

ಆರು ವಾರ ಕಾದೆ, ನೀನು ಬರೆಯಲಿಲ್ಲ.

ನಿನ್ನೆ ತಪಾಸಣೆಯಾಯಿತು. ಕಣ್ಣು ಸರಿ, ಕಿವಿ ಸರಿ, ಎತ್ತರದ ಭಯವಿಲ್ಲ. ಆಮೇಲೆ ಕೊನೆಯ ಮುಟ್ಟು ಯಾವಾಗ ಎಂದು ಕೇಳಿದರು. ಹೋದ ವರ್ಷದ ಮೊದಲಲ್ಲಿ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಹದಿನೈದು ವಾರವಾಗಿದೆಯಂತೆ.

ಬಸುರಿಯನ್ನು ಏಣಿ ಹತ್ತಿಸುವುದಿಲ್ಲ. ಎರಡನೇ ಸಲ ಸೀಟು ಕಾದಿರಿಸುವುದಿಲ್ಲ. ನಾಲ್ಕನೇ ನಂಬರು ಇವತ್ತಿನಿಂದ ಆ ಹುಡುಗಿಯದೇ. ನಾನು ಮತ್ತೆ ಸಾಲಿನ ಕೊನೆಗೆ. ಬೇಡವೆಂದಾದರೆ ಈ ವಾರವೇ ಹೇಳಬೇಕು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ನಾನೂ ಗಡ್ಡಪ್ಪನೂ ಎದುರು ಬದುರು ಕೂತಿದ್ದೇವೆ. ಅವನು ಎರಡು ಸಲ ಗಡ್ಡ ಬಾಚಿಕೊಂಡ. ನನಗೆ ಏನು ಬೇಕೆಂದು ನನಗೇ ತಿಳಿಯುತ್ತಿಲ್ಲ.

ಆದರೆ ಈ ಪತ್ರ ಅದಕ್ಕಲ್ಲ. ಅಕ್ಕಾ, ನಿನಗೂ ಹನ್ನೊಂದು ತಿಂಗಳಾಯಿತು. ನಾಳೆಯೇ ಹೋಗಿ ಪರೀಕ್ಷೆ ಮಾಡಿಸು. ಅದಲ್ಲದಿದ್ದರೆ ಬೇರೇನೋ ಇರಬೇಕು, ಬಿಡಬೇಡ. ನೀನು ಆರು ವಾರ ಬರೆಯದಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು, ನಾನು ನನ್ನದೇ ಲೋಕದಲ್ಲಿದ್ದೆ. ಮುಂದಿನ ತಿಂಗಳ ಮೊದಲಲ್ಲಿ ಅಮ್ಮನನ್ನು ನಿನ್ನಲ್ಲಿಗೆ ಕಳಿಸುತ್ತಿದ್ದೇನೆ. ಅವಳು ಈಗ ನನಗಿಂತ ನಿನಗೆ ಬೇಕು.

ಗುಬ್ಬಿ


೨೭ ಆಗಸ್ಟ್

ಗುಬ್ಬೀ,

ಅಮ್ಮನನ್ನು ಕಳಿಸಬೇಡ. ನನಗೆ ಏನೂ ನಿಂತಿಲ್ಲ. ಹೋದ ಅಕ್ಟೋಬರ್ ಮೂವತ್ತೊಂದಕ್ಕೇ ಬಂತು. ನೀನು ಮೊದಲ ಸಲ ಕೇಳುವ ಹೊತ್ತಿಗೆ ಬಂದು ಮೂರು ವಾರ ಕಳೆದಿತ್ತು. ಅಲ್ಲಿಂದ ಇಲ್ಲಿಯವರೆಗೆ ಹನ್ನೆರಡು ಸಲ ಬಂದಿದೆ. ನಾನು ಪ್ರತಿ ಸಲವೂ ನಿನಗೆ ಸುಳ್ಳು ಹೇಳಿದೆ. ಟಿಕೆಟ್ ವಿಭಾಗದವಳು ಯಾರೂ ಇಲ್ಲ. ಆ ಕುರ್ಚಿ ನನ್ನದು.

ಯಾಕೆ ಎಂದು ಕೇಳುತ್ತೀಯ. ಹೊಟ್ಟೆಕಿಚ್ಚು ಕಣೇ. ಇದಕ್ಕೆ ಬೇರೆ ಒಳ್ಳೆಯ ಹೆಸರಿದೆಯೇನೋ ಎಂದು ಮೂರು ದಿನ ಹುಡುಕಿದೆ, ಸಿಗಲಿಲ್ಲ. ನನ್ನ ಎದೆಯಲ್ಲಿ ಹಾಲು ಮೂರನೇ ವಾರಕ್ಕೇ ಕಡಿಮೆಯಾಗಿ, ಎರಡು ತಿಂಗಳಿಗೆ ನಿಂತೇ ಹೋಯಿತು. ಅಮ್ಮ ನಿನ್ನ ಹತ್ತಿರ ಇದ್ದಳು, ಹಾಲು ನಿನ್ನ ಹತ್ತಿರ ಇತ್ತು, ಬಿಡುವು ನಿನ್ನ ಹತ್ತಿರ ಇತ್ತು. ನನ್ನ ಪಾಲಿಗೆ ಇದೊಂದು ಮಾತ್ರ ಬೇಗ ಬಂತು. ಬಂದಿದೆ ಎಂದು ಬರೆದರೆ ಅಮ್ಮನ ಬಾಯಲ್ಲಿ ನಾನು ‘ಹಾಲಿಲ್ಲದವಳು’ ಆಗುತ್ತೇನೆ ಎಂದು ಹೆದರಿದೆ. ಮಗ ಕಚ್ಚಿದ ಎಂದು ನೀನು ದೂರು ಬರೆದಾಗಲೂ ಉರಿಯಿತು. ನನ್ನನ್ನು ಕಚ್ಚುವವರಿಲ್ಲ, ನನ್ನ ಮಗಳು ರಬ್ಬರು ಕಚ್ಚುತ್ತಾಳೆ.

ಮೊದಲ ಸುಳ್ಳು ಬಾಯಿಜಾರಿದ್ದು ಎಂದು ಬೇಕಾದರೆ ಅನ್ನಬಹುದು. ಏಪ್ರಿಲಿನದು ಹಾಗಲ್ಲ. ನರ್ಸಮ್ಮ ಹೇಳಿದ್ದನ್ನು ನೀನು ಬರೆದಿದ್ದೆ, ಅಪಾಯ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಮೀಸೆಯ ಜೋಕಿನ ಮಧ್ಯೆ ಅರ್ಧ ಸಾಲು ತುರುಕಿ ಕೈತೊಳೆದುಕೊಂಡೆ.

ಇನ್ನೊಂದಿದೆ. ಅದನ್ನು ಬರೆಯದಿದ್ದರೆ ಈ ಪತ್ರವೂ ಸುಳ್ಳಾಗುತ್ತದೆ. ಹಾಲು ಕಡಿಮೆಯಾಯಿತು ಎಂದು ಜುಲೈಯಲ್ಲಿ ನೀನು ಬರೆದೆಯಲ್ಲ. ಅದನ್ನು ಓದಿ ನನಗೆ ಸಂತೋಷವಾಯಿತು. ಅವತ್ತು ನಿನ್ನ ಭಾವನ ಜೊತೆ ನಗುನಗುತ್ತಾ ಊಟ ಮಾಡಿದೆ. ಆರು ವಾರ ಉತ್ತರ ಬರೆಯದೇ ಇದ್ದದ್ದು ಆ ಸಂತೋಷವನ್ನು ಮುಚ್ಚಿಟ್ಟುಕೊಳ್ಳುವುದಕ್ಕೆ.

ಕ್ಷಮಿಸು ಎಂದು ಕೇಳುವ ಮುಖವಿಲ್ಲ.

ಅಕ್ಕ


೯ ಅಕ್ಟೋಬರ್

ಅಕ್ಕಾ,

ಅಮ್ಮನಿಗೆ ಏನೂ ಹೇಳಿಲ್ಲ. ಗಡ್ಡಪ್ಪನಿಗೆ ಹೇಳಿದೆ. ನಿನಗೆ ಎಂಟು ಪತ್ರ ಬರೆದು ಹರಿದೆ. ಅವುಗಳಲ್ಲಿದ್ದ ಬೈಗುಳಕ್ಕೆ ಹೋಲಿಸಿದರೆ ಬಂದರಿನ ಲಾರಿ ಡ್ರೈವರುಗಳು ಭಜನೆ ಮಾಡುವವರು.

ನಿನ್ನ ಹಿಂದೆ ಎರಡು ದಿನ ಎಂಬ ನಮ್ಮ ಶಾಸ್ತ್ರವನ್ನು ಡಾಕ್ಟರಿಗೆ ಹೇಳಿದೆ. ನಕ್ಕರು. ಹದಿಮೂರು ವರ್ಷದಿಂದ ಹೀಗೇ ಎಂದು ಹಟ ಹಿಡಿದೆ. “ಅಕ್ಕನ ಗರ್ಭಕೋಶ ನೋಡ್ಕೊಂಡು ತಂಗೀದು ನಡೆಯಲ್ಲಮ್ಮ” ಎಂದರು. ಒಬ್ಬಳಿಗೆ ಏಳು ವಾರಕ್ಕೆ ಬರಬಹುದು, ಒಬ್ಬಳಿಗೆ ವರ್ಷವಾದರೂ ಬರದಿರಬಹುದು, ಯಾವುದೂ ಯಾರ ಹೆಚ್ಚುಗಾರಿಕೆಯೂ ಅಲ್ಲವಂತೆ. ಅಂದಮೇಲೆ ನರ್ಸಮ್ಮನನ್ನು ಬಿಟ್ಟು ನಿನ್ನನ್ನು ನಂಬಿದ ದಡ್ಡತನ ನನ್ನದು. ಅರ್ಧ ತಪ್ಪು ನನ್ನ ಪಾಲಿಗೆ ಇಟ್ಟುಕೊಂಡಿದ್ದೇನೆ. ಉಳಿದರ್ಧ ನಿನ್ನದು. ಅದರಲ್ಲಿ ರಿಯಾಯಿತಿ ಕೇಳಬೇಡ.

ಮಗು ಇರಲಿ ಎಂದು ತೀರ್ಮಾನಿಸಿದೆವು. ಈಗ ಇಪ್ಪತ್ತೆರಡು ವಾರ. ಬಂದರಿನ ಆಫೀಸಿನಲ್ಲಿ ಕಂಟೇನರಿನ ನಂಬರು ಬರೆಯುವ ಕೆಲಸ ಕೊಟ್ಟಿದ್ದಾರೆ. ಕಿಟಕಿಯಿಂದ ನಾಲ್ಕನೇ ನಂಬರು ಕಾಣುತ್ತದೆ. ಆ ಹುಡುಗಿ ಸರಕನ್ನು ಒಂದಿಷ್ಟೂ ಅಲ್ಲಾಡಿಸದೆ ಇಳಿಸುತ್ತಾಳೆ. ಅಲ್ಲಾಡಿಸಬಾರದೇ ಎಂದು ನೋಡುತ್ತಾ ಕೂರುತ್ತೇನೆ. ಒಂದು ದಿನವೂ ಅಲ್ಲಾಡಿಸಿಲ್ಲ. ಹಾಗಾಗಿ ನೀನು ಬರೆದ ಉರಿ ಯಾವುದೆಂದು ನನಗೆ ಈಗ ಗೊತ್ತು. ಗೊತ್ತು ಅಂದೆ, ಕ್ಷಮಿಸಿದೆ ಅನ್ನಲಿಲ್ಲ.

ಫೆಬ್ರವರಿ ಎರಡನೇ ವಾರಕ್ಕೆ ದಿನ ಕೊಟ್ಟಿದ್ದಾರೆ. ಈ ಸಲ ಅಮ್ಮ ಬೇಡ. ನೀನು ಬಾ. ಮಗಳನ್ನೂ ಕರೆದುಕೊಂಡು ಬಾ. ಬರುವ ಮೊದಲು ಆ ಟಿಕೆಟ್ ವಿಭಾಗದವಳ ರಕ್ತ ಪರೀಕ್ಷೆ ಮಾಡಿಸಿ ನಂಬರು ಕಳಿಸು, ಇಲ್ಲದಿದ್ದರೆ ಬಾಗಿಲು ತೆಗೆಯುವುದಿಲ್ಲ. ಬಂದು ಆರು ವಾರ ನನ್ನ ಪಕ್ಕದಲ್ಲೇ ಕೂರು. ನಾನು ಹಾಲು ಕೊಡುವುದನ್ನು ದಿನಾ ನೋಡು. ಹೊಟ್ಟೆ ಉರಿಯಲಿ. ಉರಿದಾಗ ಬಾಯಿಬಿಟ್ಟು ಹೇಳು, ನನ್ನ ಮುಖ ನೋಡಿಕೊಂಡು. ನಾನು ನಿನಗೆ ಕೊಡುವ ಶಿಕ್ಷೆ ಇಷ್ಟೇ.

ಗುಬ್ಬಿ


೧೬ ಅಕ್ಟೋಬರ್

ಗುಬ್ಬೀ,

ಹಿಮೋಗ್ಲೋಬಿನ್ ಏಳು ಪಾಯಿಂಟ್ ಎರಡು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಬೈದರು. ಟೈಮ್ ಬರೆಯುತ್ತಿದ್ದೆ ಎಂದೆ, ನಗಲಿಲ್ಲ. ಕಬ್ಬಿಣದ ಮಾತ್ರೆ, ಸುರಿತ ನಿಲ್ಲಿಸಲು ಇನ್ನೊಂದು ಮಾತ್ರೆ. ಸೋಮವಾರ ಸ್ಕ್ಯಾನಿಂಗ್.

ಫೆಬ್ರವರಿ ಒಂದರಿಂದ ಆರು ವಾರ ರಜೆಗೆ ಬರೆದುಕೊಟ್ಟಿದ್ದೇನೆ. ಕಾರಣದ ಜಾಗದಲ್ಲಿ ‘ತಂಗಿಯ ಬಾಣಂತನ’ ಎಂದು ತುಂಬಿದೆ.

ಬಾಯಿಬಿಟ್ಟು ಹೇಳು ಎಂದಿದ್ದೀಯ. ಅದಕ್ಕೆ ಫೆಬ್ರವರಿಯವರೆಗೆ ಯಾಕೆ ಕಾಯಲಿ. ನಿನ್ನ ಪತ್ರ ಓದಿದಾಗ ಮೊದಲು ಅನ್ನಿಸಿದ್ದು, ಇವಳಿಗೆ ಇನ್ನೊಂದು ಸಲ ಹಾಲು ಬರುತ್ತದಲ್ಲ ಎಂದು. ಎರಡನೆಯದಾಗಿ ನಿನ್ನ ಸೀಟು ಹೋದದ್ದು ನೆನಪಾಯಿತು. ನನ್ನನ್ನು ಬಾ ಎಂದು ಕರೆದಿದ್ದೀಯ ಎಂಬುದು ತಲೆಗೆ ಹೋದದ್ದು ಮೂರನೆಯದಾಗಿ, ಆಗ ಅತ್ತೆ. ಬಂದ ಕ್ರಮದಲ್ಲೇ ಬರೆದಿದ್ದೇನೆ, ಒಂದನ್ನೂ ಹಿಂದುಮುಂದು ಮಾಡಿಲ್ಲ.

ಅಕ್ಕ